ನಕ್ಷತ್ರ ಕಿಂಡಿಗಳ ಸ್ನಾನದ ಮನೆ

ಸ್ಪೇನ್ ದೇಶದ ಗ್ರನಾಡಾಕ್ಕೆ ಹೋದವರೆಲ್ಲ ಗುಡ್ಡದ ಮೇಲಿನ ಅಲ್‌ಹಂಬ್ರಾ ಅರಮನೆ ನೋಡುತ್ತಾರೆ. ಕಳೆದ ಬೇಸಿಗೆ ರಜೆಯಲ್ಲಿ ಮಗಳ ಸಂಸಾರದ ಜೊತೆ ನಾನೂ ನೋಡಿ ಬಂದೆ. ಆದರೆ ಏಳನೇ ತರಗತಿಯ ಮೊಮ್ಮಗಳಿಗೆ ಹಿಡಿಸಿದ್ದು ಗುಡ್ಡದ ಕೆಳಗೆ, ದಾರ್ರೊ ಹೊಳೆಯ ಪಕ್ಕದ ಬೀದಿಯಲ್ಲಿರುವ ಅರಬ್ಬರ ಕಾಲದ ಸ್ನಾನಗೃಹ. ಅದರ ಹೆಸರು ‘ಬಾನ್ಯುಯೆಲೊ’, ಅಂದರೆ ಪುಟ್ಟ ಸ್ನಾನದ ಮನೆ.

ಹೊರಗಿನಿಂದ ಅದು ಮಾಮೂಲಿ ಮನೆ. ಒಳಗೆ ಒಂದರ ಹಿಂದೊಂದು ಕೋಣೆಗಳು. ಮೊದಲು ತಣ್ಣನೆಯದು, ಆಮೇಲೆ ಬೆಚ್ಚನೆಯದು, ಕೊನೆಗೆ ಬಿಸಿಯದು. ಮೈಗೆ ಕಾವು ನಿಧಾನವಾಗಿ ಹತ್ತಲಿ ಎಂದು ಈ ಕ್ರಮ. ನೀರು ಕಾಯಿಸುವ ಒಲೆ ಬಿಸಿ ಕೋಣೆಯ ಆಚೆ ಇತ್ತು. ನಮ್ಮ ಬಚ್ಚಲುಮನೆಯ ಹಂಡೆ ಒಲೆಯನ್ನು ಅಜ್ಜ ಅಜ್ಜಿಯರು ನೆನಪಿಸಿಕೊಳ್ಳಿ. ಇಲ್ಲಿ ಒಲೆಯ ಬಿಸಿಗಾಳಿ ನೆಲದಡಿಯ ಟೊಳ್ಳಿನಲ್ಲಿ ಹರಿದು ಕಾಲಡಿಯ ನೆಲವನ್ನೂ ಕಾಯಿಸುತ್ತಿತ್ತು!

ನಡುವಿನ ಬೆಚ್ಚನೆಯ ಕೋಣೆಯೇ ದೊಡ್ಡದು. ಮೂರು ಬದಿಗೆ ಕಂಬಗಳು, ಅವುಗಳ ಮೇಲೆ ಕುದುರೆ ಲಾಳದ ಆಕಾರದ ಇಟ್ಟಿಗೆ ಕಮಾನುಗಳು. ಚಾವಣಿಯ ತುಂಬ ನಕ್ಷತ್ರದಂಥ, ಎಂಟು ಮೂಲೆಯ ಕಿಂಡಿಗಳು. ಬಿಸಿಲು ಅವುಗಳಿಂದ ಇಳಿದು ನೆಲದ ಮೇಲೆ ರಂಗೋಲಿ ಇಟ್ಟಂತೆ ಕಾಣುತ್ತಿತ್ತು.

“ತಾತ, ಇದನ್ನು ಯಾವಾಗ ಕಟ್ಟಿದ್ದು? ರಜೆಯ ಪ್ರಾಜೆಕ್ಟಿಗೆ ಬರೀಬೇಕು” ಎಂದಳು ಮೊಮ್ಮಗಳು.

ಹಿಂದಿನಿಂದ ಬಂದ ಮಾತು 11ನೇ ಶತಮಾನ, ಜೀರಿ ವಂಶದವರು ಗ್ರನಾಡಾ ಆಳುತ್ತಿದ್ದ ಕಾಲ. ಈಚಿನ ಕೆಲವು ವಿದ್ವಾಂಸರು 12ನೇ ಶತಮಾನ, ಅಥವಾ ಅದಕ್ಕಿಂತ ಈಚಿನದು ಎನ್ನುತ್ತಾರೆ.

“ಕಂಬದ ತಲೆಗಳನ್ನು ನೋಡಿ ಹೇಳಬಹುದಲ್ಲ?” ಎಂದಳು. ಜಾಣ ಪ್ರಶ್ನೆಯೇ. ಆದರೆ ಆ ತಲೆಗಳಲ್ಲಿ ಕೆಲವು ರೋಮನ್ನರವು, ಕೆಲವು ವಿಸಿಗೋಥರವು, ಇನ್ನು ಕೆಲವು ಕೊರ್ದೊಬಾದ ಖಲೀಫರ ಕಾಲದವು. ಹಳೆಯ ಕಟ್ಟಡಗಳಿಂದ ತಂದು ಇಲ್ಲಿ ಕೂರಿಸಿದವು. “ನನ್ನ ಪರ್ಸಿನಲ್ಲಿ 1957ರ ನಯಾಪೈಸೆ ಇದೆ. ಹಾಗೆಂದು ಪರ್ಸು 1957ರದ್ದೇ?” ಎಂದೆ. ನಕ್ಕಳು.

1492ರಲ್ಲಿ ಗ್ರನಾಡಾ ಕ್ರೈಸ್ತ ರಾಜರ ವಶವಾಯಿತು. 1567ರಲ್ಲಿ ಎರಡನೇ ಫಿಲಿಪ್ ರಾಜ, ಮುಸ್ಲಿಂ ಮೂಲದ ಪ್ರಜೆಗಳ ಭಾಷೆ, ಉಡುಪಿನ ಜೊತೆ ಸ್ನಾನಗೃಹಗಳನ್ನೂ ನಿಷೇಧಿಸಿದ. ಎಷ್ಟೋ ಸ್ನಾನಗೃಹಗಳು ಅಳಿದವು. ಇದು ಮಾತ್ರ ಮುಂದೆ ಬಟ್ಟೆ ಒಗೆಯುವ ಜಾಗವಾಗಿ ಬಳಕೆಯಲ್ಲಿ ಉಳಿಯಿತು. 1918ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಆಮೇಲೆ ವಾಸ್ತುಶಿಲ್ಪಿ ಲಿಯೋಪೋಲ್ಡೊ ತೋರೆಸ್ ಬಲ್ಬಾಸ್ ಇದನ್ನು ದುರಸ್ತಿ ಮಾಡಿಸಿದರು.

“ಟೀಚರ್ ಒಂದೇ ಉತ್ತರ ಕೇಳ್ತಾರೆ ತಾತ. 11 ಅಂತ ಬರೆದುಬಿಡ್ಲಾ?”

ನನಗೆ ಬ್ಯಾಂಕಿನ ದಿನಗಳು ನೆನಪಾದವು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಸಂಜೆ ಹದಿನೆಂಟು ರೂಪಾಯಿಯ ವ್ಯತ್ಯಾಸ ಬಂತು. ಮನೆಗೆ ಹೋಗುವ ಆತುರದಲ್ಲಿ ಯಾರದೋ ಖಾತೆಗೆ ಸೇರಿಸಿ ಲೆಕ್ಕ ಸರಿಮಾಡಿದೆ. ಮರುದಿನ ನಿಜವಾದ ಹಣದವರು ಬಂದು ನಿಂತಾಗ ತಲೆ ತಗ್ಗಿಸಬೇಕಾಯಿತು. ಯಾರದೆಂದು ತಿಳಿಯದ ಹಣವನ್ನು ತಿಳಿಯುವ ತನಕ ‘ಸಸ್ಪೆನ್ಸ್ ಖಾತೆ’ಯಲ್ಲಿ ಇಡಬೇಕು ಎಂದು ಹಿರಿಯರು ಅಂದು ಕಲಿಸಿದರು.

ಈ ಕಥೆ ಹೇಳಿದೆ. ಅವಳು ಕಲ್ಲುಬೆಂಚಿನ ಮೇಲೆ ಕೂತು ಬರೆದಳು: ‘11ನೇ ಶತಮಾನ ಎನ್ನುತ್ತಿದ್ದರು. 12 ಅಥವಾ ಅದರ ಈಚಿನದೂ ಇರಬಹುದು. ಇನ್ನೂ ಹುಡುಕುತ್ತಿದ್ದಾರೆ.’ ಕೆಳಗೊಂದು ನಕ್ಷತ್ರ ಬಿಡಿಸಿದಳು.

“ಮಾರ್ಕ್ಸ್ ಕಡಿಮೆಯಾದರೆ?” ಎಂದೆ.

“ಆಗಲಿ ಬಿಡಿ ತಾತ, ನಯಾಪೈಸೆ ಕಥೆ ಟೀಚರಿಗೂ ಹೇಳ್ತೀನಿ” ಎಂದಳು.