ಒಣಗದ ಅರಿವೆ

ಮಳೆಗಾಲ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕವಿಗಳಾಗುತ್ತಾರೆ. ಚಹದ ಕಪ್ಪು ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತು ‘ಆಹಾ’ ಎನ್ನುತ್ತಾರೆ. ವರ್ಷವಿಡೀ ಮುಖ ಗಂಟಿಕ್ಕಿಕೊಂಡಿರುವ ಗಣಿತದ ಮಾಸ್ತರರು ಕೂಡ ಮಿರ್ಚಿ ಭಜಿಯ ಮಾತೆತ್ತುತ್ತಾರೆ. ನನಗೆ ಮಾತ್ರ ಆಗ ಹಗ್ಗದ ಮೇಲೆ ಬಿಟ್ಟುಬಂದ ಅರಿವೆ ನೆನಪಾಗುತ್ತವೆ. ಬೇಂದ್ರೆಯವರ ಶ್ರಾವಣದ ಕವಿತೆಯನ್ನು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ. ಕಲಿಸುವಾಗ ದನಿ ತಾನಾಗಿ ಏರುತ್ತದೆ. ಪಾಠ ಮುಗಿಸಿ ಹೊರಗೆ ಕಾಲಿಟ್ಟು, ಸೀರೆಯ ನೆರಿಗೆ ಕೆಸರಾದ ಕೂಡಲೇ ಕವಿತೆಯೆಲ್ಲ ಇಳಿದುಹೋಗುತ್ತದೆ.

ನನಗೆ ಮಳೆ ಕಂಡರೆ ಆಗುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ, ಏಕೆಂದರೆ ನನ್ನ ತವರು ನರಗುಂದ ತಾಲೂಕು.

ಎರಿಭೂಮಿಯ ಆ ನಾಡಿನಲ್ಲಿ ವರ್ಷಕ್ಕೆ 600 ಮಿಲಿಮೀಟರು ಮಳೆಯಾದರೆ ಅದೇ ದೊಡ್ಡದು. ನಾನು ಸಣ್ಣವಳಿದ್ದಾಗ ಮಳೆ ಹೋದ ವರ್ಷ ಗುರ್ಜಿ ಹೊತ್ತಿದ್ದೇನೆ. ರೊಟ್ಟಿ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಸೆಗಣಿಯ ಗುರ್ಜಿ ಕೂಡಿಸಿ, ಗರಿಕೆ ಸಿಗಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುವುದು. ಪ್ರತಿ ಮನೆಯವರೂ ಒಂದು ತಂಬಿಗೆ ನೀರು ಸುರಿದು ಗುರ್ಜಿಯನ್ನು ತಿರುಗಿಸುತ್ತಿದ್ದರು. ಬಾವಿಯಲ್ಲೇ ನೀರಿಲ್ಲದಾಗ ಆ ತಂಬಿಗೆ ನೀರು ಎಲ್ಲಿಂದ ತರುತ್ತಿದ್ದರೋ ತಿಳಿಯದು. ಸೆಗಣಿ ನೀರು ಮುಖದ ಮೇಲೆ ಇಳಿಯುತ್ತಿದ್ದರೂ ಮಳೆ ಬರಲಿ ಎಂದು ನಾನು ಮನಸ್ಸಿನಿಂದಲೇ ಬೇಡಿಕೊಂಡಿದ್ದೆ. ಬೇಡಿಕೊಂಡದ್ದು ಹದಿನೈದು ವರ್ಷ ತಡವಾಗಿ, ಒಮ್ಮೆಲೇ, ಖಾನಾಪುರದಲ್ಲಿ ಸಿಕ್ಕಿತು.

1991ರ ಮೇ ತಿಂಗಳಲ್ಲಿ ನನ್ನ ಮದುವೆಯಾಯಿತು. ಜೂನ್ ಎರಡನೆಯ ವಾರ ಮಿರಗದ ಮಳೆ ಹೂಡಿತು. ನಮ್ಮ ಕಡೆ ಮಳೆ ಬಂದರೆ ಒಂದು ತಾಸು ಹೊಯ್ದು ಹೋಗುತ್ತದೆ, ಮತ್ತೆ ಬಿಸಿಲು. ಇಲ್ಲಿಯೂ ಹಾಗೇ ಎಂದುಕೊಂಡು ಮೂರು ದಿನ ಕಾದೆ. ನಾಲ್ಕನೆಯ ದಿನ ಅತ್ತೆಯವರನ್ನು “ಯಾವಾಗ ನಿಲ್ತದರೀ?” ಎಂದು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ, “ಗಣಪತಿ ಹಬ್ಬಕ್ಕ” ಎಂದರು. ಚೇಷ್ಟೆ ಮಾಡುತ್ತಿದ್ದಾರೆಂದು ತಿಳಿದು ನಕ್ಕೆ. ಚೇಷ್ಟೆಯಾಗಿರಲಿಲ್ಲ.

ಖಾನಾಪುರದ ಮಣ್ಣು ಹಂಚಿಗೂ ಗಡಿಗೆಗೂ ಹೆಸರಾದದ್ದು. ನಮ್ಮವರು ಹಂಚಿನ ಕಾರ್ಖಾನೆಯಲ್ಲಿಯೇ ಲೆಕ್ಕ ಬರೆಯುತ್ತಿದ್ದರು. ಆದರೂ ನಮ್ಮ ಮನೆಯ ಮಾಡು ಐದು ಕಡೆ ಸೋರುತ್ತಿತ್ತು. ಮಂಗಗಳು ಹಂಚು ಸರಿಸಿ ಹೋದ ಕಡೆಯಲ್ಲೆಲ್ಲ ಬಕೀಟು, ಪರಾತ, ಕೊನೆಗೆ ಒಗ್ಗರಣೆ ಬುಟ್ಟಿ ಕೂಡ ಇಡಬೇಕಾಗುತ್ತಿತ್ತು. ರಾತ್ರಿ ಮಲಗಿದರೆ ಒಂದೊಂದು ಪಾತ್ರೆಯದೂ ಒಂದೊಂದು ಸ್ವರ. ಉಪ್ಪು ನೀರಾಗುವುದು, ಕಡ್ಡಿಪೆಟ್ಟಿಗೆ ಹತ್ತದಿರುವುದು, ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುವುದು, ಇವೆಲ್ಲ ಈ ಕಡೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅರಿವೆ. ಮಗಳನ್ನು ಹಡೆದು ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬಂದದ್ದು 1993ರ ಜುಲೈಯಲ್ಲಿ. ದಿನಕ್ಕೆ ಇಪ್ಪತ್ತು ಅರಿವೆ ಒದ್ದೆಯಾಗುತ್ತಿದ್ದವು, ಎರಡು ದಿನವಾದರೂ ಒಂದೂ ಒಣಗುತ್ತಿರಲಿಲ್ಲ. ನಾನು ಅಳುವುದೊಂದು ಬಾಕಿ. ಅತ್ತೆಯವರು ಶೇಗಡಿಯಲ್ಲಿ ಇದ್ದಲಿ ಕೆಂಡ ಮಾಡಿ, ಅದರ ಮೇಲೆ ಬಿದಿರಿನ ದೊಡ್ಡ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೈಮೇಲೆ ಅರಿವೆ ಹರವಿದರು. ಮೇಲೆ ಒಂದು ಚಿಟಿಕೆ ಲೋಬಾನ. ಕೂಸಿನ ಅರಿವೆ ಬೆಚ್ಚಗೆ, ವಾಸನೆ ಬೀರುತ್ತ ಒಣಗಿದವು. “ಕೆಂಡ ಕೆಂಪಗಿದ್ದಾಗ ಹಾಕಬ್ಯಾಡ, ಬೂದಿ ಮುಚ್ಚಿದ ಮ್ಯಾಲೆ ಹಾಕು” ಎಂದು ಹೇಳಿಕೊಟ್ಟರು. ಒಮ್ಮೆ ಅವಸರಕ್ಕೆ ಕೆಂಪು ಕೆಂಡದ ಮೇಲೆ ಹಾಕಿ ಮಗಳ ಕೆಂಪು ಫ್ರಾಕು ಸುಟ್ಟೆ. ಆ ಫ್ರಾಕಿನ ಸಲುವಾಗಿ ಆಕೆ ಎರಡು ವರ್ಷ ನನ್ನನ್ನು ಹಂಗಿಸಿದ್ದಾಳೆ.

ನಾಲ್ಕು ವರ್ಷಕ್ಕೆ ಮಗ ಹುಟ್ಟಿದ. ಇಬ್ಬರೂ ಮಳೆ ಹುಳುಗಳು. ಏಪ್ರಿಲ್ ಮೇ ತಿಂಗಳ ಅಡ್ಡಮಳೆಗೆ ಆಣಿಕಲ್ಲು ಬಿದ್ದರಂತೂ ಓಣಿಯ ಮರಾಠಿ ಹುಡುಗರ ಸಂಗಡ “ಗಾರಾ, ಗಾರಾ” ಎಂದು ಕೂಗುತ್ತ ಅಂಗಳಕ್ಕೆ ಜಿಗಿದು, ಬಾಯಿಗೂ ಕಿಸೆಗೂ ತುಂಬಿಕೊಳ್ಳುತ್ತಿದ್ದರು. ನಾನು ಹೆಂಚಿನ ಲೆಕ್ಕ ಹಾಕುತ್ತಿದ್ದೆ. ಜುಲೈಯಲ್ಲಿ ಅವರ ಆಟವೇ ಬೇರೆ. ರಾತ್ರಿ ದೇವರ ಮುಂದೆ ಕೈಮುಗಿದು ನಿಂತರೆ ಏನು ಬೇಡುತ್ತಿದ್ದಾರೆಂದು ನನಗೆ ಗೊತ್ತಿರುತ್ತಿತ್ತು: ನಾಳೆ ಶಾಲೆಗೆ ಸೂಟಿ. ಆ ತಾಲೂಕಿನಲ್ಲಿ ಆ ದೇವರು ಬಲು ಉದಾರಿ. ಕಣಕುಂಬಿ, ಆಮಗಾಂವದ ಕಡೆಯ ಮಳೆ ಆಗುಂಬೆಗೇ ಸವಾಲು ಹಾಕುವಂಥದು. ಹಳ್ಳ ಬಂದು ರಸ್ತೆ ಕಟ್ಟಾದರೆ ಕಾಡಿನ ಊರುಗಳ ಮಕ್ಕಳು ಬರುವುದಾದರೂ ಹೇಗೆ? ಈಗ ಜಿಲ್ಲಾಧಿಕಾರಿಗಳ ಆದೇಶ ಬೆಳಗಿನ ಜಾವವೇ ಮೊಬೈಲಿಗೆ ಬರುತ್ತದೆ. ನಿಜವಾದದ್ದು ಬರುವ ಮೊದಲು ಹೋದ ವರ್ಷದ ಆದೇಶ ಎರಡು ಸಲ ಬಂದಿರುತ್ತದೆ. ಮಕ್ಕಳು ಕುಣಿಯುತ್ತಾರೆ. ಆ ಸೂಟಿಯನ್ನು ಮುಂದೆ ಶನಿವಾರ ಮಧ್ಯಾಹ್ನ, ರವಿವಾರ ಕ್ಲಾಸು ತೆಗೆದುಕೊಂಡು ತುಂಬಿಕೊಡುವವರು ನಾವು.

ಇಷ್ಟಾದರೂ ನಾನು ಮಳೆಗೆ ಶಾಪ ಹಾಕುವಂತಿರಲಿಲ್ಲ ಎಂದೆನಲ್ಲ, ಅದಕ್ಕೆ ಕಾರಣ ನನ್ನ ಅಣ್ಣ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರವನ್ನು ದಾಟಿ ಹೋಗಿ ಸವದತ್ತಿಯ ಹತ್ತಿರ ನವಿಲುತೀರ್ಥದ ಆಣೆಕಟ್ಟಿನಲ್ಲಿ ನಿಲ್ಲುತ್ತಾಳೆ. ಅಲ್ಲಿಂದ ಕಾಲುವೆಯಲ್ಲಿ ನರಗುಂದದ ಹೊಲಗಳಿಗೆ. ನನ್ನ ಅಣ್ಣನ ಹೊಲ ಕಾಲುವೆಯ ಕಟ್ಟಕಡೆಗೆ. ಡ್ಯಾಮು ತುಂಬಿದರಷ್ಟೇ ಅಲ್ಲಿಗೆ ನೀರು. ಜುಲೈ ಬಂತೆಂದರೆ ಅವನ ಫೋನು: “ನಿಮ್ಮ ಕಡೆ ಮಳಿ ಹೆಂಗೈತಿ ತಂಗೀ?” ನನ್ನ ಆರೋಗ್ಯ ಕೇಳುವುದು ಆಮೇಲೆ. ನಾನು ಹಿತ್ತಲದಲ್ಲಿ ತೊಟ್ಟಿಕ್ಕುತ್ತಿರುವ ಹಗ್ಗ ನೋಡುತ್ತ, “ಛಲೋ ಐತಿ ಅಣ್ಣಾ” ಎನ್ನುತ್ತಿದ್ದೆ. 2015ರ ಜುಲೈಯಲ್ಲಿ ನರಗುಂದದಲ್ಲಿ ಮಹದಾಯಿ ಧರಣಿ ಸುರುವಾದಾಗ ಅವನೂ ಹೋಗಿ ಕೂತಿದ್ದ. ನಮ್ಮ ತಾಲೂಕಿನ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿರಿ ಎಂದು ಅವರು ಬಿಸಿಲಲ್ಲಿ ಕೂತಿದ್ದರು. ನಾನು ಆ ಹೊತ್ತಿಗೆ ರೇನ್‌ಕೋಟಿನೊಳಗೆ ನೀರು ಹೇಗೆ ಬರುತ್ತದೆಂದು ಸಂಶೋಧನೆ ನಡೆಸಿದ್ದೆ.

ಈಗ ಹೇಳಬೇಕಾದದ್ದು 2005ರ ಮಾತು. ಆ ವರ್ಷ ಜುಲೈ 26ಕ್ಕೆ ಮುಂಬೈಯಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆಯಾಗಿ ಊರೇ ಮುಳುಗಿತ್ತು. ಟೀವಿಯಲ್ಲಿ ಅದೇ ಸುದ್ದಿ. ನಮ್ಮಲ್ಲಿಯೂ ಹಗಲು ರಾತ್ರಿ ಬಿಟ್ಟೂಬಿಡದೆ ಸುರಿಯುತ್ತಿತ್ತು. ಮಕ್ಕಳಿಗೆ ಸೂಟಿ, ನಮಗೆ ಮಾತ್ರ ಶಾಲೆಗೆ ಹೋಗಿ ಸಹಿ ಮಾಡುವ ಕೆಲಸ. ನಾನು ಆಗ ಖಾನಾಪುರದಾಚೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ಸಹಿ ಮಾಡಿ, ಸಿಕ್ಕ ಟೆಂಪೊ ಹತ್ತಿ ಮಧ್ಯಾಹ್ನ ಮನೆಗೆ ಬಂದರೆ ಬಾಗಿಲಿಗೆ ಕೀಲಿ. ಪಕ್ಕದ ಮನೆಯಾಕೆ ಕಿಟಕಿಯಿಂದಲೇ, “ಎಲ್ಲಾರೂ ಹೊಳಿಗೆ ಹ್ವಾದ್ರಲ್ರೀ ಬಾಯಾರ” ಎಂದಳು.

ಕೊಡೆ ಮೊದಲ ತಿರುವಿನಲ್ಲಿಯೇ ಬೋರಲಾಯಿತು. ಅದನ್ನು ಅಲ್ಲಿಯೇ ಬಿಟ್ಟು ಓಡಿದೆ. ಘಾಟಿನ ಹತ್ತಿರ ಅರ್ಧ ಊರೇ ನೆರೆದಿತ್ತು. ಹೊಳೆ ಗೋಪಿ ಬಣ್ಣಕ್ಕೆ ತಿರುಗಿ, ಬೇರುಸಹಿತ ಮರಗಳನ್ನು ಹೊತ್ತುಕೊಂಡು, ಒಂದು ನಮೂನೆಯ ಭೋರ್ಗರೆತದಲ್ಲಿ ಹೋಗುತ್ತಿತ್ತು. ಮೆಟ್ಟಿಲುಗಳು ಕಾಣುತ್ತಿರಲಿಲ್ಲ. ಜನರ ನಡುವೆ ಕಂಬಳಿ ಕೊಪ್ಪೆ ಹೊದ್ದ ಅತ್ತೆ. ಒಂದು ಕೈಯಲ್ಲಿ ಮೊರ, ಮೊರದಲ್ಲಿ ಕುಪ್ಪಸದ ಖಣ, ಹಸಿರು ಬಳೆ, ಅರಿಷಿಣ ಕುಂಕುಮ, ತೆಂಗಿನಕಾಯಿ. ಹೊಳೆ ತುಂಬಿ ಬಂದರೆ ಗಂಗವ್ವನಿಗೆ ಉಡಿ ತುಂಬುವುದು ಅವರು ವರ್ಷವೂ ತಪ್ಪಿಸಿದವರಲ್ಲ. ಮಗ್ಗುಲಲ್ಲಿ ನನ್ನ ಇಬ್ಬರು ಮಕ್ಕಳು, ತೊಯ್ದು ತಪ್ಪಡಿಯಾಗಿ, ಕಣ್ಣು ಅರಳಿಸಿಕೊಂಡು ನಿಂತಿದ್ದರು. ಅಷ್ಟು ಸಂತೋಷದ ಮುಖಗಳನ್ನು ನಾನು ಮತ್ತೆ ನೋಡಿಲ್ಲ.

ಹನ್ನೆರಡು ವರ್ಷದ ಮಗಳ ಕೆನ್ನೆಗೆ ಒಂದು ಬಾರಿಸಿದೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಅತ್ತೆಯವರ ಕಡೆ ತಿರುಗಿ, ಊರ ಜನರೆದುರು, “ನಿಮಗ ವಯಸ್ಸಾಗೇದ, ನೀವು ಬೇಕಾದರ ಹೋಗ್ರಿ. ನನ್ನ ಮಕ್ಕಳನ್ನ ಯಾಕ ಸಂಗಾಟ ಎಳಕೊಂಡು ಬಂದ್ರಿ?” ಎಂದೆ. ಹೊಳೆಯ ಸಪ್ಪಳಕ್ಕೆ ದನಿ ಏರಿಸಿಯೇ ಹೇಳಿದ್ದರಿಂದ ಎಲ್ಲರಿಗೂ ಕೇಳಿಸಿತು. ಅತ್ತೆ ಒಂದು ಗಳಿಗೆ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ. ಮೊರದ ಉಡಿಯನ್ನು ನೀರಿಗೆ ಬಿಡಲು ಪಕ್ಕದಲ್ಲಿದ್ದ ಗಂಡಸರೊಬ್ಬರ ಕೈಗೆ ಕೊಟ್ಟು, ತಮ್ಮ ಎಡಗೈ ಮಣಿಕಟ್ಟಿನಿಂದ ಸೆರಗಿನ ಗಂಟು ಬಿಚ್ಚತೊಡಗಿದರು. ಸೆರಗಿನ ಇನ್ನೊಂದು ತುದಿ ನನ್ನ ಮಗನ ಕೈಗೆ ಕಟ್ಟಿತ್ತು. ನಿಂತ ಜಾಗವೂ ನೀರಿನಿಂದ ಇಪ್ಪತ್ತು ಮಾರು ದೂರ. ಇದೆಲ್ಲ ಕಣ್ಣಿಗೆ ಬಿದ್ದದ್ದು ಮಾತು ಬಾಯಿಂದ ಬಿದ್ದ ಮೇಲೆ.

ಮನೆಗೆ ಬಂದು ಅವರು ಶೇಗಡಿ ಹೊತ್ತಿಸಿದರು. ಮಕ್ಕಳ ಅರಿವೆ ಒಣಗಿಸಿದರು. ರಾತ್ರಿ ನೋಡಿದರೆ ಬುಟ್ಟಿಯ ಮೇಲೆ ನನ್ನ ಸೀರೆಯೂ ಇತ್ತು.

ಮುಂದಿನ ವರ್ಷದಿಂದ ಹೊಳೆಗೆ ಅವರು ಒಬ್ಬರೇ ಹೋದರು. ಮಕ್ಕಳೂ ಕೇಳಲಿಲ್ಲ. ನಾನು ತಪ್ಪಾಯಿತೆಂದು ಹೇಳಬೇಕೆಂದು ಎಷ್ಟೋ ಸಲ ಅಡಿಗೆಮನೆಯ ತನಕ ಹೋಗಿ, ಉಪ್ಪಿನ ಡಬ್ಬಿ ಕೇಳಿ ತಿರುಗಿ ಬಂದಿದ್ದೇನೆ. ಅತ್ತೆ ಸೊಸೆಯರ ನಡುವೆ ಹೀಗೆ ಎಷ್ಟು ಉಪ್ಪಿನ ಡಬ್ಬಿಗಳು ಓಡಾಡಿರುತ್ತವೋ. 2008ರಲ್ಲಿ ನನಗೆ ಬೆಳಗಾವಿಗೆ ವರ್ಗವಾಗಿ ವಡಗಾವಿಯಲ್ಲಿ ಮನೆ ಮಾಡಿದೆವು. ಅವರು ಖಾನಾಪುರ ಬಿಟ್ಟು ಬರಲಿಲ್ಲ. 2011ರ ಮಾಘದಲ್ಲಿ, ಒಂದು ಮೋಡವೂ ಇಲ್ಲದ ದಿನ, ತೀರಿಕೊಂಡರು.

2019ರ ಆಗಸ್ಟಿನ ಮಳೆ ಬೆಳಗಾವಿಯವರಿಗೆ ನೆನಪಿದೆ. ಆಶ್ಲೇಷಾ ಮಳೆ. ಬಳ್ಳಾರಿ ನಾಲಾ ಉಕ್ಕಿ ವಡಗಾವಿ, ಶಹಾಪುರದ ಗದ್ದೆಗಳೆಲ್ಲ ಕೆರೆಯಾದವು. ನೇಕಾರರ ಮನೆಗಳಲ್ಲಿ ಮಗ್ಗದ ಕುಣಿಗೆ ನೀರು ನುಗ್ಗಿ, ಅರ್ಧ ನೇಯ್ದ ಸೀರೆಗಳು ಮಗ್ಗದ ಮೇಲೆಯೇ ಕೊಳೆತವು. ಒಣಗದ ಅರಿವೆ ಎಂದರೆ ಏನೆಂದು ಆಗ ಅವರನ್ನು ನೋಡಿ ತಿಳಿಯಿತು, ನನ್ನದು ಬರೀ ಗೊಣಗಾಟ. ಹಲವು ವರ್ಷ ತುಂಬದಿದ್ದ ನವಿಲುತೀರ್ಥ ತುಂಬಿ ನೀರು ಬಿಟ್ಟರು. ರಾಮದುರ್ಗಕ್ಕೆ ನೀರು ಬಂತು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಬಂತು, ನರಗುಂದ ತಾಲೂಕಿನ ಕೊಣ್ಣೂರಿಗೂ ಬಂತು. ಕೊಣ್ಣೂರು ನನ್ನ ಅತ್ತಿಗೆಯ ತವರು. ಆ ಮನೆಯವರೆಲ್ಲ ದನಕರುಗಳೊಂದಿಗೆ ಅಣ್ಣನ ಮನೆ ಸೇರಿದ್ದರು. ಅಣ್ಣ ಫೋನು ಮಾಡಿದ. ರೂಢಿಯಂತೆ ‘ಮಳಿ ಹೆಂಗೈತಿ’ ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ತಂಗೀ, ಅಲ್ಲಿ ಸ್ವಲ್ಪ ನಿಲ್ತೇನು?” ಎಂದ. ನನಗೆ ನಾಚಿಕೆಯಾಯಿತು, ನಾನೇ ಹೊಯ್ಯಿಸುತ್ತಿದ್ದೇನೋ ಎಂಬಂತೆ.

ನೀರು ಇಳಿದ ಮೇಲೆ ಒಂದು ರವಿವಾರ ಖಾನಾಪುರಕ್ಕೆ ಹೋಗಿ ಹೊಳೆಗೆ ಉಡಿ ತುಂಬಿ ಬಂದೆ. ಮನೆಯಲ್ಲಿ ಹೇಳಲಿಲ್ಲ. ಭಕ್ತಿ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು.

ಮಗಳು ಈಗ ಟೊರೊಂಟೊದಲ್ಲಿದ್ದಾಳೆ. 2025ರ ಫೆಬ್ರವರಿಯಲ್ಲಿ ಅಲ್ಲಿ ಒಂದರ ಹಿಂದೊಂದು ಹಿಮದ ಬಿರುಗಾಳಿ ಬಂದು, ನಿಲ್ಲಿಸಿದ ಕಾರುಗಳು ಹೂತುಹೋಗುವಷ್ಟು ಬಿದ್ದಿತ್ತು. ಒಂದು ದಿನ ನಮ್ಮ ಸಂಜೆಗೆ, ಅವರ ಬೆಳಿಗ್ಗೆಗೆ, ವಿಡಿಯೋ ಕರೆ ಮಾಡಿದಳು. ಶಾಲೆಗೆ ಸೂಟಿಯಂತೆ. ಏಳು ವರ್ಷದ ಮೊಮ್ಮಗ ಮನೆಯೊಳಗೆ ನಿಲ್ಲಲೊಲ್ಲ. ಐದನೆಯ ಸಲ ಹೊರಗೆ ಹೋಗಿ ಬಂದಿದ್ದಾನೆ, ಪ್ರತಿ ಸಲ ಕೈಗವಸು, ಟೊಪ್ಪಿಗೆ, ಮೂರು ಪದರಿನ ಚಡ್ಡಿ ಎಲ್ಲ ಒದ್ದೆ. ಆಕೆಯ ಕೂದಲು ಕೆದರಿತ್ತು. “ಈ ಬರ್ಫ ಕಂಡ್ರ ನನಗ ಮೈ ಉರೀತದವ್ವಾ” ಎಂದಳು. ನನಗೆ ನಗು ತಡೆಯಲಾಗಲಿಲ್ಲ.

“ನಗಬ್ಯಾಡ. ಇವನೂ ನನ್ನಂಗ. ಅವತ್ತ ಹೊಳಿಗೆ ಓಡಿದ್ದೆಲ್ಲ, ಹಂಗ. ಪಾಪ, ಅಜ್ಜಿ ನಮ್ಮನ್ನ ಬಾಜೂ ಮನ್ಯಾಗ ಬಿಟ್ಟು ತಾನೊಬ್ಬಾಕಿನ ಹೊಂಟಿದ್ದಳು. ನಾನ ತಮ್ಮನ್ನ ಕರಕೊಂಡು ಹಿತ್ತಲದಾಗಿಂದ ಓಡಿದ್ದೆ. ಅಜ್ಜಿ ದಾರ್‍ಯಾಗ ಹಿಡಕೊಂಡ್ಳು” ಎಂದು, ಒಂದು ಕೈಗವಸು ಹುಡುಕುತ್ತ, ಎತ್ತಲೋ ನೋಡುತ್ತ ಹೇಳಿದಳು.

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀ ಆವಾಗಲೇ ಒಂದು ಕೊಟ್ಟಿದ್ದೆಲ್ಲ. ನನ್ನ ಹಿಸಾಬು ಮುಗೀತು ಅನ್ಕೊಂಡಿದ್ದೆ.”

ಅವಳ ಹಿಸಾಬು ಮುಗಿದಿತ್ತು. ನಾನು ಫೋನನ್ನು ಇನ್ನೊಂದು ಕೈಗೆ ತೆಗೆದುಕೊಂಡೆ. ಅತ್ತ ಕಡೆ ಬಾಗಿಲು ತೆರೆದ ಸಪ್ಪಳ, ಮೊಮ್ಮಗನ ಕೂಗು, ಅದರ ಹಿಂದೆಯೇ ಮಗಳ ಗದರಿಕೆ.

“ಅವ್ವಾ, ಇವೆಲ್ಲ ಹೆಂಗ ಒಣಗಿಸಲಿ? ಮತ್ತ ಹತ್ತು ನಿಮಿಷಕ್ಕ ಬೇಕಂತಾನ.”

“ಹೀಟರ್ ಐತೇನು? ಅದರ ಮ್ಯಾಲೆ ನೇರ ಹಾಕಬ್ಯಾಡ. ತಂತಿ ಬುಟ್ಟಿ ಇದ್ದರ ಒಂದು ಗೇಣು ದೂರ ಬೋರಲು ಇಡು, ಅದರ ಮ್ಯಾಲೆ ಹರವು” ಎಂದೆ.

“ಗೊತ್ತೈತಿ, ಗೊತ್ತೈತಿ. ಫ್ರಾಕು ಸುಟ್ಟಾಕಿ ನೀನು” ಎಂದು ಬುಟ್ಟಿ ಹುಡುಕಲು ಎದ್ದು ಹೋದಳು.