ಕ್ಯಾಸೆಟ್ಟಿನಲ್ಲಿ ಉಳಿದ ದನಿ

1954ರಲ್ಲಿ ಆರಂಭವಾದ ಆಕಾಶವಾಣಿ ಸಂಗೀತ ಸಮ್ಮೇಳನದಲ್ಲಿ ಕಲಾವಿದರು ಆಹ್ವಾನಿತ ಶ್ರೋತೃಗಳೆದುರು ಹಾಡುತ್ತಿದ್ದರು. ಹುಡುಗನಾಗಿದ್ದಾಗ ನಾನು ರೇಡಿಯೋದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು 60 ನಿಮಿಷಗಳ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆ. 30ನೇ ನಿಮಿಷಕ್ಕೆ ಅದನ್ನು ತಿರುಗಿಸಿ ಹಾಕಬೇಕು. ಆ ಕ್ಷಣದ ಸ್ವರಗಳು ತಪ್ಪಿಯೇ ಹೋಗುತ್ತಿದ್ದವು.

ಮೊನ್ನೆ ಅದನ್ನು ಮತ್ತೆ ಕೇಳಿದೆ. ತಾನಗಳ ನಡುವೆ ಅಪ್ಪನ ಕೆಮ್ಮು. ಹಿಂದೆಯೇ ‘ಅಪ್ಪಾ, ಸುಮ್ನಿರ್ರಿ’ ಎಂಬ ನನ್ನ ಸಿಡುಕು. ಕೆಮ್ಮು ಸಂಗೀತವನ್ನು ಕೆಡಿಸಿತೆಂದು ಅಂದು ಮುನಿದಿದ್ದೆ. ಅಪ್ಪ ದೇವರ ಸನ್ನಿಧಿ ಸೇರಿ ಹನ್ನೆರಡು ವರ್ಷಗಳಾದವು. ಅವರ ದನಿಯೆಂದು ಉಳಿದಿರುವುದು ಆ ಕೆಮ್ಮೊಂದೇ. ಈಗ ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತುವುದು ಅದಕ್ಕಾಗಿಯೇ.

ಹಳೆಯ ಕ್ಯಾಸೆಟ್ಟುಗಳನ್ನು ಎಸೆಯುವ ಮುನ್ನ ಒಮ್ಮೆ ಕೇಳಿರಿ. ಮನೆಯಲ್ಲಿ ಇಂದು ಕೆಮ್ಮುವ ಹಿರಿಯರಿದ್ದರೆ, ಸಿಡುಕುವ ಮುನ್ನ ಒಂದಿಷ್ಟು ತಡೆಯಿರಿ.