ಹಳೆಯ ಲ್ಯಾಪ್‌ಟಾಪಿಗೆ ಹೊಸ ವ್ಯವಸ್ಥೆ



“ಸರ್, ಈ ವಯಸ್ಸಿನ್ಯಾಗ ಲಿನಕ್ಸ್ ಯಾಕ ಬೇಕಾಗಿತ್ರಿ ನಿಮಗ?” ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಒಬ್ಬೊಬ್ಬರಿಗೆ ಉತ್ತರಿಸುವುದಕ್ಕಿಂತ ಎಲ್ಲರಿಗೂ ಒಮ್ಮೆಲೇ ಬರೆದು ತಿಳಿಸುವುದು ಲೇಸೆನಿಸಿತು.

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಮತ್ತೊಂದು ವರ್ಷ ಭದ್ರತಾ ತಿದ್ದುಪಡಿಗಳನ್ನು ಕೊಡುವ ಏರ್ಪಾಡಾಯಿತು, ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಪರದೆ, ಕೀಲಿಮಣೆ ಎಲ್ಲವೂ ಸರಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ.

ಲಿನಕ್ಸ್ ಎಂಬುದು ಒಂದೇ ಸರಕಲ್ಲ. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ತಿರುಳಿನ ಸುತ್ತ ಡೆಬಿಯನ್, ಫೆಡೋರಾ, ಉಬುಂಟು, ಮಿಂಟ್, ನಮ್ಮ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಮುಂತಾದ ಅನೇಕ ಆವೃತ್ತಿಗಳು ಬೆಳೆದಿವೆ. ಇವುಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಚರ್ಚೆ ಹೊಸಬರಿಗೆ ಬೇಡ. ನನ್ನ ಯಂತ್ರದ ಮೇಲೆ ನಡೆಯುವುದೇ? ನನ್ನ ಕನ್ನಡ ಮೂಡುವುದೇ? ತೊಡಕು ಬಂದರೆ ಕೇಳಲು ಜನರಿದ್ದಾರೆಯೇ? ಈ ಮೂರು ಪ್ರಶ್ನೆಗಳು ಸಾಕು.

ನಾನು ಆರಿಸಿದ್ದು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಅದು ಹಗುರ, 4 ಜಿಬಿ ರ್‍ಯಾಮ್ ಇದ್ದರೆ ಆರಾಮವಾಗಿ ನಡೆಯುತ್ತದೆ. ಪರದೆಯ ಕೆಳಪಟ್ಟಿ, ಮೂಲೆಯ ಮೆನು ವಿಂಡೋಸ್‌ನಂತೆಯೇ ಇರುವುದರಿಂದ ಕೈ ತಡವರಿಸುವುದಿಲ್ಲ. ಉಬುಂಟುವಿನ ಬುನಾದಿಯ ಮೇಲೆ ಕಟ್ಟಿದ್ದರಿಂದ ಬಲ್ಲವರೂ ಬಹಳ. ಸಂತೆಯಲ್ಲಿ ಎತ್ತು ಕೊಳ್ಳುವ ರೈತನು ಹೂಡಿ ನೋಡದೆ ಹಣ ಎಣಿಸುವುದಿಲ್ಲ. ಇಲ್ಲಿಯೂ ಹಾಗೆಯೇ, ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪನ್ನು ಆರಂಭಿಸಿ, ಒಳಗಿನದೇನನ್ನೂ ಅಳಿಸದೆ, ವೈಫೈ, ಧ್ವನಿ, ಪ್ರಿಂಟರ್‌ಗಳನ್ನು ಪರೀಕ್ಷಿಸಬಹುದು.

ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ಅವರ ವಿನ್ಯಾಸವು ‘ಕಗಪ’ ಎಂಬ ಹೆಸರಿನಿಂದ ಕೀಲಿಮಣೆಯ ಆಯ್ಕೆಗಳಲ್ಲಿಯೇ ಇದೆ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದು ಪರಿಚಿತವೇ.

ಆದರೆ ನಿಮ್ಮ ಗಮನಕ್ಕೆ ತರಬೇಕಾದ ಮುಖ್ಯ ಸಂಗತಿಯೊಂದಿದೆ. ನನ್ನ ತಾಯಿಯವರು ಹಾಡುತ್ತಿದ್ದ ಬೀಸುಕಲ್ಲಿನ ಪದಗಳನ್ನು ನಾನು ವರ್ಷಗಳ ಹಿಂದೆ ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ಆ ಫಾಂಟ್ ಇಲ್ಲದ ಕಡೆ ಇಂಥ ಕಡತಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಾಡಿದ ಕಂಠ ಇಂದಿಲ್ಲ, ಉಳಿದಿರುವುದು ಬರಹವೊಂದೇ. ಆದ್ದರಿಂದ ವಿಂಡೋಸ್ ಇರುವಾಗಲೇ ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರಗಳಿರುವ ಪದಗಳನ್ನು ಕೈಬರಹದ ವಹಿಯೊಡನೆ ಹೋಲಿಸಿ ತಿದ್ದಿದೆ. ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿಯೂ ಇರಿಸಿದೆ. ಆ ಬಳಿಕವೇ ಮಿಂಟ್ ಅಳವಡಿಸಿದ್ದು. ಈ ಕ್ರಮವನ್ನು ನೀವು ಹಿಂದುಮುಂದು ಮಾಡಬೇಡಿರಿ.

ಲಿನಕ್ಸ್ ಪಂಡಿತರಿಗೆ ಮಾತ್ರವೆಂದು ಅಂಜುವವರು ಕಾಸರಗೋಡಿನತ್ತ ನೋಡಲಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆಯು ಉಬುಂಟು ಆಧಾರಿತ ವ್ಯವಸ್ಥೆಯನ್ನು ಒದಗಿಸುತ್ತಿದ್ದು, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರ ಮೇಲೆಯೇ ಗಣಕ ಕಲಿಯುತ್ತಾರೆ. ಮಕ್ಕಳು ಕಲಿಯುವುದನ್ನು ಮೇಷ್ಟರು ಕಲಿಯಬಾರದೇ?

ಕೊರತೆಗಳೂ ಇವೆ. ವಿಂಡೋಸ್‌ಗೆಂದೇ ಮಾಡಿದ ಕೆಲವು ತಂತ್ರಾಂಶಗಳು ಇಲ್ಲಿ ನಡೆಯವು. ವರ್ಡ್ ಕಡತಗಳು ಲಿಬ್ರೆ ಆಫೀಸಿನಲ್ಲಿ ತೆರೆದರೂ ಪುಟದ ಅಂದ ಒಮ್ಮೊಮ್ಮೆ ಕದಲುತ್ತದೆ. ಕಚೇರಿಯ ಕೆಲಸಕ್ಕೆ ವಿಂಡೋಸ್ ಬೇಕೇ ಬೇಕೆನ್ನುವವರು ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದು.

ಮಿಂಟ್ ತುಂಬಿದ ಪೆನ್‌ಡ್ರೈವ್ ನನ್ನ ಮೇಜಿನ ಮೇಲಿದೆ. ಸಂಕೇಶ್ವರ, ನಿಪ್ಪಾಣಿಯ ಕಡೆ ಬಂದವರು ಕಣಗಲಾಕ್ಕೂ ಬನ್ನಿರಿ. ಮೂಲೆಗೆ ಬಿದ್ದಿರುವ ಲ್ಯಾಪ್‌ಟಾಪನ್ನು ಜೊತೆಗೆ ತನ್ನಿರಿ. ಅದರೊಳಗೆ ನಿಮ್ಮ ಮನೆಯ ಹಿರಿಯರ ಮಾತೇನಾದರೂ ಉಳಿದಿದ್ದರೆ, ಮೊದಲು ಅದನ್ನು ಹೊರತೆಗೆಯೋಣ.